ತಂಗಿಯ ನಿದ್ದೆ, ಮೈದಾನದ ಬೀಗ

ಮೈದಾನದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಸತಿಗೃಹದ ಆವರಣದಲ್ಲಿ ನಡೆಯಲು ಹಾದಿಯಿದೆ, ಹೊಂಗೆಯ ನೆರಳಿದೆ, ಸಂಜೆಗೆ ದೀಪವಿದೆ. ಅರಸೀಕೆರೆಯ ನಮ್ಮ ಬಡಾವಣೆಗಿರುವ ಒಂದೇ ಮೈದಾನಕ್ಕೆ ನಾಲ್ಕು ಗಂಟೆಗೆಲ್ಲ ಬೀಗ ಬೀಳುತ್ತದೆ. ಆ ಗೇಟಿನ ಮೇಲೆಯೇ ನಿಮ್ಮ ಕಚೇರಿಯವರು ಭಿತ್ತಿಪತ್ರ ಅಂಟಿಸಿದ್ದಾರೆ: "ಮಿದುಳಿನ ಆರೋಗ್ಯಕ್ಕೆ ದಿನವೂ ಅರ್ಧ ಗಂಟೆ ನಡೆಯಿರಿ." ಎಲ್ಲಿ ನಡೆಯೋಣ? ಹೆದ್ದಾರಿಯ ಲಾರಿಗಳ ನಡುವೆಯೇ?

ಇದು ಹೊತ್ತು ಕಳೆಯುವವರ ದೂರಲ್ಲ. ನಮ್ಮ ಅಮ್ಮ ಕಾಂತಮ್ಮ ಐವತ್ತೈದು ದಾಟುವ ಹೊತ್ತಿಗೆ ಮಾತು ಬಿಟ್ಟಳು, ಊಟ ಬಿಟ್ಟಳು, ಗೋಡೆಗೆ ಮುಖ ಮಾಡಿ ಕೂತಳು. ಗಾಳಿ ಸೋಕಿದೆ ಎಂದರು ಜನ. ಅದು ಖಿನ್ನತೆ ಎಂದು ನನಗೂ ತಂಗಿ ಲತಾಮಣಿಗೂ ಗೊತ್ತಾದದ್ದು ಅಮ್ಮ ತೀರಿಹೋದ ಮೇಲೆ, ಬೇಲೂರಿನ ಒಂದು ಆರೋಗ್ಯ ಶಿಬಿರದಲ್ಲಿ. "ತಾಯಿಗೆ ಬಂತು ಅಂತ ನಿಮಗೂ ಬರಲೇಬೇಕು ಅಂತಿಲ್ಲಮ್ಮ. ನಿದ್ದೆ, ನಡಿಗೆ, ಒಳ್ಳೆ ಊಟ, ನಾಲ್ಕು ಜನರ ಜೊತೆ ಮಾತು, ಇವಿದ್ದರೆ ಅಪಾಯ ಕಡಿಮೆ. ಅಷ್ಟರ ಮೇಲೂ ಬಂದರೆ ಔಷಧಿ ಇದೆ" ಎಂದರು ಅಲ್ಲಿನ ವೈದ್ಯೆ.

ಲತಾಮಣಿ ಇರುವುದು ಹಳೇಬೀಡಿನಲ್ಲಿ. ಕೆರೆ ಏರಿಯ ಮೇಲೆ ಗೆಳತಿಯರ ಜೊತೆ ನಡಿಗೆ, ಮುದ್ದೆ, ಸೊಪ್ಪಿನ ಸಾರು, ಒಂಬತ್ತಕ್ಕೆಲ್ಲ ನಿದ್ದೆ. ನನಗೋ ನಾನೇ ನಡೆಸುವ ಕೊಬ್ಬರಿ ಮಂಡಿಯಲ್ಲಿ ದಿನವಿಡೀ ಕುರ್ಚಿ, ಎಂಟು ಲೋಟ ಟೀ, ಊಟದ ಬದಲು ಬೋಂಡ, ಹಾಸಿಗೆಯಲ್ಲಿ ಮೊಬೈಲು. ಐವತ್ಮೂರಕ್ಕೆ ನನ್ನ ನಿದ್ದೆ ಹೋಯಿತು. ತಲೆ ಬಾಚಿಕೊಳ್ಳುವುದೂ ಬೇಡವಾಯಿತು. "ಅಕ್ಕಾ, ಡಾಕ್ಟ್ರತ್ರ ಹೋಗೇ, ಸಂಜೆ ಒಸಿ ನಡಿಯೇ" ಎಂದು ಅವಳು ಫೋನಿನಲ್ಲಿ ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಂದೇ ತಾಯಿಯ ಮಕ್ಕಳು ನಾವು. ಅವಳೊಬ್ಬಳಿಗೇ ಏಕೆ ಆ ನಿದ್ದೆ?

ಮುಂದೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. "ಮಂಡೀಲಿ ಒಬ್ಬಳ ಕೈಲಿ ಆಗ್ತಿಲ್ಲ, ಬಾರೇ" ಎಂದು ಅವಳನ್ನು ಕರೆಸಿಕೊಂಡೆ. ಸಹಾಯಕ್ಕಲ್ಲ; ನನ್ನ ಹಾಗೆ ಬದುಕಿ ನೋಡಲಿ ಎಂದು. ಮೊದಲ ಸಂಜೆಯೇ ಅವಳು ಮೈದಾನಕ್ಕೆ ಹೋಗಿ ನಿಮ್ಮ ಬೀಗ ನೋಡಿ ವಾಪಸಾದಳು. ನನಗೆ ಖುಷಿಯಾಯಿತು. ಈ ಕೇಡಿನಲ್ಲಿ ನೀವೂ ಪಾಲುದಾರರು, ತಿಳಿದಿರಲಿ. ಆಮೇಲೆ ಅವಳು ಚಪ್ಪಲಿ ಮೆಟ್ಟಿದಾಗಲೆಲ್ಲ ಏನಾದರೊಂದು ಕೆಲಸ ಹೇಳಿ ಕೂರಿಸಿದೆ. ಆರನೇ ವಾರಕ್ಕೆ ಅವಳ ಕಣ್ಣ ಸುತ್ತ ಕಪ್ಪು. ಒಂದು ಮಧ್ಯಾಹ್ನ ಕೊಬ್ಬರಿ ಮೂಟೆಗೆ ಒರಗಿ, ಗೋಡೆಯ ಕಡೆ ತಿರುಗಿ ಕೂತಳು.

"ಏನಾಯ್ತೇ?" ಎಂದೆ.

"ಅಮ್ಮಂಗೆ ಬಂದಿದ್ದು ನಂಗೂ ಬತ್ತಾ ಐತೇನೋ ಅಕ್ಕಾ. ನಿಂಗಾದ್ರೂ ಬರದೇ ಇರ್ಲಿ."

ಅವಳ ನಿದ್ದೆ ಕೆಡಿಸಿ ನನಗೆ ಬಂದದ್ದಾದರೂ ಏನು?

ಮಾರನೆಯ ದಿನವೇ ಇಬ್ಬರೂ ವೈದ್ಯರನ್ನು ಕಂಡೆವು. ನನಗೆ ಮಾತ್ರೆ ಬರೆದುಕೊಟ್ಟರು. ಅವಳು ಹಳೆಯ ದಿನಚರಿಗೆ ಮರಳಿ ತಿಂಗಳಾದ ಮೇಲೆ ಬರಲಿ ಎಂದರು. ಅವಳ ಜೊತೆ ಹಳೇಬೀಡಿಗೆ ಹೋಗಿ ಮೂರು ತಿಂಗಳಿದ್ದೆ. ಮಾಡಿದ್ದನ್ನೆಲ್ಲ ಹೇಳಿಕೊಂಡೆ. ಎರಡು ದಿನ ಅವಳು ನನ್ನನ್ನು ಬಿಟ್ಟು ಒಬ್ಬಳೇ ನಡಿಗೆಗೆ ಹೋದಳು. ಮೂರನೆಯ ಸಂಜೆ ಬಾಗಿಲಲ್ಲಿ ನಿಂತು, "ಏಳೇ, ಹೊತ್ತಾಯ್ತು, ನಡಿ" ಎಂದಳು. ಅಂದಿನಿಂದ ಏರಿಯ ಮೇಲೆ ಜೊತೆಯಾಗಿ ನಡೆದೆವು. ಅವಳು ಬೇಗ ಚೇತರಿಸಿಕೊಂಡಳು. ನಾನು ನಿಧಾನವಾಗಿ, ಮಾತ್ರೆ ನುಂಗುತ್ತಾ.

ಈಗ ಊರಿಗೆ ಮರಳಿದ್ದೇನೆ. ಗೇಟು ಮುಚ್ಚಿಯೇ ಇದೆ. ಖಿನ್ನತೆಗೆಲ್ಲ ನಿಮ್ಮ ಬೀಗವೇ ಕಾರಣ ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಅಭ್ಯಾಸ ಬದಲಿಸಿಕೊಳ್ಳಿ ಎಂದು ಉಪದೇಶಿಸುವವರು ಅದಕ್ಕೆ ಜಾಗವನ್ನಾದರೂ ಬಿಡಬೇಡವೇ? ಸಂಜೆ ಐದರಿಂದ ಏಳೂವರೆಯವರೆಗೆ ಮೈದಾನ ತೆರೆಯಿರಿ, ಎರಡು ದೀಪ ಹಾಕಿಸಿ. ಸೋಮವಾರ ಐದಕ್ಕೆ ನಾವು ಹದಿನಾಲ್ಕು ಹೆಂಗಸರು ಅಲ್ಲಿರುತ್ತೇವೆ. ತೆರೆಯದಿದ್ದರೆ ನಿಮ್ಮ ಕಚೇರಿಯ ಸುತ್ತಲೇ ನಡೆಯುತ್ತೇವೆ. ಲತಾಮಣಿಯೂ ಬಸ್ಸು ಹತ್ತಿ ಬರುತ್ತಾಳಂತೆ. ಅವಳ ನಡಿಗೆ ಬಲು ಬಿರುಸು. ಈಗಲೂ ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಂತಿ,
ಒಡಹುಟ್ಟಿದವಳ ಸುಖನಿದ್ದೆಗೆ ಕಣ್ಣು ಹಾಕಿ ನಾಚಿಕೊಂಡವಳು,
ಪುಷ್ಪಲತಾ
ಅರಸೀಕೆರೆ