ಕೂಗಿದ ಅಳತೆ

ಡಾಕ್ಟರಮ್ಮನವರಿಗೆ,

ಹನ್ನೆರಡು ಮಷಿನ್‌ಗಳ ಹೊಲಿಗೆ ಅಂಗಡಿಯ ಯಜಮಾನಿ ನಾನು. ಮನೆಯಲ್ಲೂ ನನ್ನ ಮಾತು ಮೀರುವವರಿಲ್ಲ. ಉಂಡದ್ದನ್ನು ಬೇಕೆಂದೇ ವಾಂತಿ ಮಾಡಿಕೊಳ್ಳುವ ಮೊಮ್ಮಗಳಿಗೆ ನಿಮ್ಮ ಚಿಕಿತ್ಸೆ ಬಿಡಿಸಿದವಳೂ ನಾನೇ. "ಹೊಟ್ಟೆ ಕಾಯಿಲೆಗೆ ಪುಸ್ತಕ ಬರೆಸ್ತಾರಂತೆ!" ಎಂದು ಹಂಗಿಸಿದ್ದೆ.

ಊಟವನ್ನೂ ಆಗ ಬಂದ ಯೋಚನೆಯನ್ನೂ ಬರೆಯಲು ನೀವು ಕೊಟ್ಟ ಆ ಪುಸ್ತಕವನ್ನು ಮೊನ್ನೆ ಅವಳನ್ನು ಕೇಳದೆ ಓದಿದೆ. ಯೋಚನೆಯ ಜಾಗದಲ್ಲಿ ದಿನವೂ ನಾನಾಡಿದ್ದ ಒಂದೇ ಮಾತು. ಅಂಗಡಿಯಲ್ಲಿ ನಾನು ಟೇಪು ಹಿಡಿದು ಅಳತೆ ಕೂಗುತ್ತೇನೆ, ಬಟ್ಟೆ ಕತ್ತರಿಸುವವನು ಬರೆದುಕೊಳ್ಳುತ್ತಾನೆ. ನಮ್ಮ ರೂಢಿ ಅದು. ಹೋದ ವರ್ಷ ಗಿರಾಕಿಗಳೆದುರು ಅವಳ ಸೊಂಟದಳತೆಯನ್ನೂ ಹಾಗೆಯೇ ಕೂಗಿ, "ಇವಳಿಗೆ ಸ್ಕರ್ಟ್ ಅಲ್ಲ ಕಣಯ್ಯಾ, ಡೇರೆ ಹೊಲಿ!" ಎಂದಿದ್ದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅದಕ್ಕೇ ಮರೆತುಬಿಟ್ಟೆ.

ತಪ್ಪೊಪ್ಪಿಕೊಂಡು ನನಗೆ ಅಭ್ಯಾಸವಿಲ್ಲ. ಆದರೂ ಓದಿದ್ದನ್ನು ಅವಳಿಗೆ ಹೇಳಿದೆ. "ಹೋಗ್ಲಿ ಬಿಡಜ್ಜಿ" ಎಂದಳು, ತಲೆ ಎತ್ತಲಿಲ್ಲ.

ದಯವಿಟ್ಟು ಚಿಕಿತ್ಸೆ ಮತ್ತೆ ಶುರುಮಾಡಿ, ಅವಳು ಬರುತ್ತಿದ್ದ ಮೊದಲಿನ ಸಮಯವನ್ನೇ ಕೊಡಿ. ಅಂಗಡಿಯಲ್ಲಿ ಈಗ ಅಳತೆ ಕೂಗುವುದಿಲ್ಲ, ಚೀಟಿಯಲ್ಲಿ ಬರೆದು ಕೊಡುತ್ತೇವೆ. ಈ ಪತ್ರವನ್ನು ಅವಳ ಕೈಯಲ್ಲೇ ಒಳಗೆ ಕಳಿಸಿದ್ದೇನೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ.

ಇಂತಿ,
ಅವಳ ಅಜ್ಜಿ