ಎಂಟು ಟಿಬಿ

ಮಾರ್ಚ್ 3
ಆಫೀಸಿನಿಂದ ಸೀದಾ ಕಂಪ್ಯೂಟರ್ ಅಂಗಡಿಗೆ. ಮೂರನೇ ಸಲ. ಮನೆಯವರೆಲ್ಲರ ಹಾಡು, ಫೋಟೊ ಒಂದೇ ಕಡೆ ಇಡುವ ಡಬ್ಬಿ — ಒಂದು ಡಿಸ್ಕಿನದೋ, ಎರಡರದೋ? ಇವಳದ್ದು ಒಂದೇ ಪಟ್ಟು: "ಅಪ್ಪನ ಹಾಡು ಹಾಳಾಗಬಾರದು ರೀ, ಅಷ್ಟೇ." ಗಂಟಲಿನ ಆಪರೇಷನ್ ಆದ ಮೇಲೆ ಮಾವನಿಗೆ ಧ್ವನಿಯೇ ಇಲ್ಲ. ಸ್ಲೇಟಿನಲ್ಲೇ ಮಾತು. ಮೂವತ್ತು ವರ್ಷ ಹಾಡಿದ್ದೆಲ್ಲ ಒಂದು ಹಳೇ ಹಾರ್ಡ್ ಡಿಸ್ಕಿನಲ್ಲಿದೆ, ಅದೂ ಕಟಕಟ ಅನ್ನುತ್ತಿದೆ. "ಅಳಿಯಂದ್ರು ಹಾಡಿದ್ರೆ ನಾಯಿಗೂ ಜ್ವರ ಬರುತ್ತೆ" ಎಂದು ನೆಂಟರ ಮುಂದೆ ನಗಾಡಿದ್ದ ಮನುಷ್ಯ. ಈಗ ಬಾಯಿ ಬಂದ್. ಸಂತೋಷವಾಗುತ್ತದೆ, ಸುಳ್ಳೇಕೆ.

ಮಾರ್ಚ್ 7
ಎರಡು ಡಿಸ್ಕಿನ ಡಬ್ಬಿಯನ್ನೇ ಕೊಂಡು ತಂದೆ. ಒಂದೊಂದರಲ್ಲೂ ನಾಲ್ಕು ಟಿಬಿ ಜಾಗ. ಅಂಗಡಿಯವನು ಬಿಡಿಸಿ ಹೇಳಿದ: "ಒಂದರ ನಕಲು ಇನ್ನೊಂದರಲ್ಲಿ ಇರೋ ಹಾಗೆ ಇಟ್ಕೊಳ್ಳಿ ಸಾರ್. ಜಾಗ ನಾಲ್ಕೇ, ಆದ್ರೆ ಒಂದು ಕೆಟ್ರೂ ಇನ್ನೊಂದಿರುತ್ತೆ. ಎರಡನ್ನೂ ಸೇರಿಸಿದ್ರೆ ಎಂಟು ಸಿಗುತ್ತೆ — ಒಂದು ಕೆಟ್ರೆ ಎಲ್ಲಾ ಹೋಯ್ತು."
ನಾನು ಡೌನ್‌ಲೋಡ್ ಮಾಡಿಟ್ಟ ಹಾಡುಗಳೇ ಐದು ಟಿಬಿ. ಎರಡನ್ನೂ ಸೇರಿಸಿದೆ.
ಇವಳಿಗೆ, "ಎರಡು ಡಿಸ್ಕ್ ಇದೆ, ಒಂದು ಹೋದ್ರೂ ಭಯ ಇಲ್ಲ" ಅಂದೆ. ನಂಬಿದಳು.

ಮಾರ್ಚ್ 8
ಮಾವನ ಹಾಡು, ಮದುವೆ ಫೋಟೊ ಎಲ್ಲ ಕಾಪಿ ಆಯಿತು. ಹಳೇ ಡಿಸ್ಕ್ ಕಸದ ಗಾಡಿಗೆ. ಮಾವ ಸ್ಪೀಕರ್ ಮುಂದೆ ಕೂತು ತಮ್ಮ ಹಾಡಿಗೆ ತಾವೇ ತಾಳ ಹಾಕಿದರು. ಸ್ಲೇಟಿನಲ್ಲಿ: "ದೊಡ್ಡ ಉಪಕಾರ ಮಾಡಿದ್ರಿ."

ಜೂನ್ 19, ಸಂಜೆ 6
ಕೆಂಪು ದೀಪ. ಒಂದು ಡಿಸ್ಕ್ ಕೆಟ್ಟಿದೆ. ಅಂಗಡಿಯವನು ಕೈ ಚೆಲ್ಲಿದ. ನನ್ನ ಹಾಡು ಬಿಡಿ, ಎಲ್ಲಿಂದಾದರೂ ಮತ್ತೆ ಸಿಗುತ್ತವೆ. ಮಾವನದ್ದು ಇನ್ನೆಲ್ಲೂ ಇಲ್ಲ...
"ಇನ್ನೊಂದು ಡಿಸ್ಕಲ್ಲಿ ಇರುತ್ತಲ್ಲ ರೀ?" ಅಂದಳು.
ಬಾಯಿಗೆ ಬಂದದ್ದು ಅಂದುಬಿಟ್ಟೆ: "ನೀನು ಧೂಳು ಒರೆಸೋವಾಗ ಏಟು ಬಿದ್ದಿದೆ. ಎರಡೂ ಹೋಗಿವೆ."
"ಮೆಲ್ಲಗೇ ಒರೆಸಿದ್ನಲ್ಲ..." ಅಂದಳು.

ಜೂನ್ 20
ತನ್ನದೇ ತಪ್ಪೆಂದು ಇವಳೇ ಹೋಗಿ ಅಪ್ಪನ ಕಾಲು ಹಿಡಿದಳು. ಮಾವ ಕಿಟಕಿ ಕಡೆ ತಿರುಗಿ ಕೂತರು. ಊಟಕ್ಕೂ ಏಳಲಿಲ್ಲ.

ಜೂನ್ 22, ಮಧ್ಯಾಹ್ನ
ಈಗ ಅವಳೂ ಊಟ ಬಿಟ್ಟಿದ್ದಾಳೆ. "ನನ್ನ ಕೈ ಸೇದಿಹೋಗಲಿ" ಅನ್ನುತ್ತಾಳೆ. ಹೇಳಿಬಿಡಬೇಕು. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.
ಇದನ್ನು ಬರೆಯುತ್ತಿದ್ದಾಗಲೇ ಮಾವ ಬಂದರು. ಸ್ಲೇಟು ಮೇಜಿನ ಮೇಲಿಟ್ಟರು. "ಅವಳಿಗೆ ಬೈಬೇಡಿ. ಬೇಕಂತ ಮಾಡಿಲ್ಲ. ನನ್ನದೇನು, ಮುಗೀತು."
"ಆಯ್ತು ಮಾವ. ಈ ಸಲ ಏನೂ ಅನ್ನಲ್ಲ" ಅಂದೆ.
ನನಗೆ ಕೈ ಮುಗಿದರು. ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ನಾನು ತಲೆಯೆತ್ತದೆ ಬರೆಯುತ್ತಲೇ ಇದ್ದೇನೆ.