ಈದ ದಿನದ ಹಾಲು

ಅಕ್ಕಾ,

ಹಂದಿ ಸಾಕುವವರ ನೆರಳು ಬಿದ್ದರೆ ಮೈ ತೊಳೆಯುವ ಊರ ದೊಡ್ಡವರನ್ನು ಇಲ್ಲಿಗೆ ಕಳಿಸು. ಈ ತರಬೇತಿ ಫಾರ್ಮಿನಲ್ಲಿ ಸ್ನಾನ ಮಾಡದೆ ಹಂದಿಯ ಹತ್ತಿರ ಹೋಗುವಂತಿಲ್ಲ! ನಮ್ಮ ರೋಗ ಅದಕ್ಕೆ ಅಂಟಬಾರದಂತೆ. ನೆಗಡಿಯಾದ ದಿನ ನನ್ನನ್ನೂ ಹೊರಗಿಟ್ಟರು, ಈಗ ಗುಣವಾಗಿದೆ.

ಮನೆಯಲ್ಲಿರುವ ನಮ್ಮ ಕರಿಹಂದಿ ಎಂದೋ ಹಂದಿಜ್ವರ ಗೆದ್ದವಳು. ಆ ಜ್ವರದ ವೈರಸ್ಸನ್ನು ಗುರುತು ಹಿಡಿದು ಬಡಿಯುವುದನ್ನು ಅವಳ ರಕ್ತ ಕಲಿತಿದೆ. "ಹಾಗಾದ್ರೆ ಮರಿಗಳೂ ಗಟ್ಟಿನಾ?" ಎಂದು ಇಲ್ಲಿನ ಡಾಕ್ಟರಮ್ಮನನ್ನು ಕೇಳಿದೆ.

"ಹೊಟ್ಟೇಲಿದ್ದಾಗ ಆ ಶಕ್ತಿ ಇಳಿಯಲ್ಲ ಕಣಯ್ಯ. ಈದ ದಿನದ ಹಳದಿ ಹಾಲಲ್ಲೇ ಸಿಗೋದು."

ನೀನೋ, ಅದು ಕೆಟ್ಟ ಹಾಲೆಂದು ಮೊದಲ ದಿನ ಮರಿಗಳನ್ನು ಬುಟ್ಟಿಯಡಿ ಮುಚ್ಚಿ ಆಡಿನ ಹಾಲು ಕುಡಿಸುತ್ತೀಯ. ಹೋದ ಸಲದವು ಜ್ವರಕ್ಕೆ ಸತ್ತದ್ದು ಹಣೆಬರಹದಿಂದಲ್ಲ, ಆ ಬುಟ್ಟಿಯಿಂದ. ಕರಿಹಂದಿ ಈ ವಾರ ಈಯುತ್ತಾಳೆ. ಬುಟ್ಟಿಯನ್ನು ಈಗಲೇ ಒಲೆಗೆ ಹಾಕು. ಮರಿಗಳು ಮೊಲೆಗೆ ಬೀಳಲಿ, ಆಮೇಲೆ ಜ್ವರ ಬರಲಿ, ನೋಡೋಣ!

ನಿನ್ನ ತಮ್ಮ